ಟರ್ಕಿಶ್ ಒಳವಾಕ್ಯ: ಕನ್ನಡದ 'ಬಂದದ್ದನ್ನು' ಹಿಡಿದು ಕಲಿಯುವ ದಾರಿ

ಟರ್ಕಿಶ್ ಕಲಿಯೋಕೆ ಶುರು ಮಾಡಿದ ಕನ್ನಡದವರು ಮೊದಲ ಕೆಲವು ಪಾಠ ಸಲೀಸಾಗಿ ದಾಟುತ್ತಾರೆ. ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯಗಳು ಪದದ ಬಾಲಕ್ಕೆ ಅಂಟುತ್ತವೆ, ಎಲ್ಲಾ ನಮ್ಮಂತೆಯೇ. ಆಮೇಲೆ 'ಅಲಿನಿನ್ ದ್ಯುನ್ ಗೆಲ್ದಿಘಿನಿ ಬಿಲಿಯೊರುಮ್' ತರದ ಒಂದು ವಾಕ್ಯ ಎದುರಾಗುತ್ತದೆ. ಅಲ್ಲಿಗೆ ತಲೆ ಕೆಡುತ್ತದೆ. ಅರ್ಥ ಇಷ್ಟೇ: 'ಅಲಿ ನಿನ್ನೆ ಬಂದದ್ದು ನನಗೆ ಗೊತ್ತು'. ಒಂದು ವಾಕ್ಯದ ಹೊಟ್ಟೆಯೊಳಗೆ ಇನ್ನೊಂದು ವಾಕ್ಯ ಕೂತಿದೆ, ಅದು ನಾಮಪದದಂತೆ ಕೆಲಸ ಮಾಡುತ್ತಿದೆ. ಇದನ್ನೇ ಇಲ್ಲಿ ಒಳವಾಕ್ಯ ಅಂತ ಕರೆಯುತ್ತೇನೆ.

ಪುಸ್ತಕಗಳಲ್ಲಿ ಇದು ಕಷ್ಟ ಅನಿಸೋದಕ್ಕೆ ಕಾರಣ ಇದೆ. ಹೆಚ್ಚಿನವು ಇಂಗ್ಲಿಷ್ ಮೂಲಕ ವಿವರಿಸುತ್ತವೆ, ಇಂಗ್ಲಿಷ್‌ನಲ್ಲಿ ಒಳವಾಕ್ಯ ಕ್ರಿಯಾಪದದ ನಂತರ ಬರುತ್ತದೆ, ನಡುವೆ ಒಂದು ಕೊಂಡಿ ಪದ ಇರುತ್ತದೆ. ಟರ್ಕಿಶ್‌ಗೆ ಆ ದಾರಿಯಲ್ಲಿ ಹೋದರೆ ಎಲ್ಲವೂ ತಲೆಕೆಳಗು. ಕನ್ನಡದಿಂದ ನೇರವಾಗಿ ಹೋದರೆ ಅರ್ಧ ಕೆಲಸ ಮೊದಲೇ ಮುಗಿದಿರುತ್ತದೆ. ಹಾಗಂತ ಎರಡೂ ಒಂದೇ ಕುಟುಂಬದ ಭಾಷೆ ಅಲ್ಲ. ಕನ್ನಡ ದ್ರಾವಿಡ, ಅದು ತುರ್ಕಿ ಕುಟುಂಬದ್ದು. ವಾಕ್ಯ ಕಟ್ಟುವ ರೀತಿ ಮಾತ್ರ ತುಂಬಾ ಹತ್ತಿರ.

ಮೊದಲು ಲಿಪಿಯ ವಿಚಾರ. ಟರ್ಕಿಶ್ 1928ರಿಂದ ಲ್ಯಾಟಿನ್ ಅಕ್ಷರದಲ್ಲಿದೆ, 29 ಅಕ್ಷರ, ಅದರಲ್ಲಿ 8 ಸ್ವರ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. 'ಘ' ಅಂತ ಬರೆದ ಕಡೆ ಅವರ 'ಮೃದು ಗ' ಇದೆ ಅಂತ ತಿಳಿಯಿರಿ. ಅದನ್ನು ಘಟ್ಟಿಯಾಗಿ ಉಚ್ಚರಿಸಬೇಡಿ, ಹೆಚ್ಚುಕಡಿಮೆ ಸದ್ದೇ ಇರಲ್ಲ, ಹಿಂದಿನ ಸ್ವರ ಸ್ವಲ್ಪ ಎಳೆಯುತ್ತದೆ ಅಷ್ಟೆ. 'ಗ್ಯೊ', 'ದ್ಯು' ತರ ಬರೆದ ಕಡೆ ತುಟಿ ದುಂಡಗೆ ಮಾಡಿ ಹೇಳುವ ಎರಡು ಸ್ವರಗಳಿವೆ. ಅವರಲ್ಲಿ ಎರಡು ಬಗೆಯ 'ಇ' ಇದೆ, ನಮ್ಮ ಲಿಪಿಯಲ್ಲಿ ಆ ವ್ಯತ್ಯಾಸ ಕಾಣಲ್ಲ. ಅದಕ್ಕೇ ಕಲಿಯುವಾಗ ಮೂಲ ಬರಹವನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಹೆಜ್ಜೆ 1: 'ಅಲಿಯ ಮನೆ' ಹೇಳೋದು ಕಲಿಯಿರಿ

ಒಳವಾಕ್ಯಕ್ಕೂ ಮನೆಗೂ ಏನು ಸಂಬಂಧ ಅನ್ನಬಹುದು. ಸಂಬಂಧ ಪೂರ್ತಿ ಇದೆ. ಕನ್ನಡದಲ್ಲಿ 'ಅಲಿಯ ಮನೆ' ಅಂದಾಗ ಅಲಿಗೆ ಮಾತ್ರ ಪ್ರತ್ಯಯ ಹತ್ತುತ್ತದೆ, ಮನೆ ಹಾಗೇ ಇರುತ್ತದೆ. ಟರ್ಕಿಶ್‌ನಲ್ಲಿ ಇಬ್ಬರಿಗೂ ಹತ್ತಬೇಕು: ಅಲಿ-ನಿನ್ ಎವ್-ಇ. ಅಂದರೆ 'ಅಲಿಯ ಮನೆ-ಅವನದು'. ಹೀಗೇ ಬೆನಿಮ್ ಎವಿಮ್ (ನನ್ನ ಮನೆ), ಸೆನಿನ್ ಎವಿನ್ (ನಿನ್ನ ಮನೆ), ಒನುನ್ ಎವಿ (ಅವನ ಅಥವಾ ಅವಳ ಮನೆ), ಬಿಝಿಮ್ ಎವಿಮಿಝ್ (ನಮ್ಮ ಮನೆ), ಸಿಝಿನ್ ಎವಿನಿಝ್ (ನಿಮ್ಮ ಮನೆ). ಬಾಲ ನೋಡಿದರೇ ಯಾರ ಮನೆ ಅಂತ ಗೊತ್ತಾಗುತ್ತದೆ, ಅದಕ್ಕೇ ಮಾತಿನಲ್ಲಿ ಬೆನಿಮ್, ಸೆನಿನ್ ಬಿಟ್ಟು ಸುಮ್ನೆ ಎವಿಮ್, ಎವಿನ್ ಅಂದುಬಿಡುತ್ತಾರೆ.

ಈ ಜೋಡಿ ಬಾಯಿಗೆ ಬರೋತನಕ ಮುಂದೆ ಹೋಗಬೇಡಿ. ಒಳವಾಕ್ಯದಲ್ಲಿ ಇದೇ ಅಚ್ಚು ಮತ್ತೆ ಬರುತ್ತದೆ, ಮನೆಯ ಜಾಗದಲ್ಲಿ ಕ್ರಿಯಾಪದ ಕೂರುತ್ತದೆ ಅಷ್ಟೆ.

ಹೆಜ್ಜೆ 2: ಕ್ರಿಯಾಪದವನ್ನು ನಾಮಪದ ಮಾಡಿ

'ಅಲಿ ಗೆಲ್ದಿ' ಅಂದರೆ ಅಲಿ ಬಂದ. ಇದನ್ನು ಒಳಗೆ ಸೇರಿಸಬೇಕು. ಗೆಲ್ (ಬರು) ಧಾತುವಿಗೆ 'ದಿಕ್' ಸೇರಿಸಿದರೆ ಗೆಲ್ದಿಕ್, ಇದು ಹೆಚ್ಚುಕಡಿಮೆ ನಮ್ಮ 'ಬಂದದ್ದು'. ಈಗ ಮನೆಗೆ ಹಚ್ಚಿದ ಬಾಲವನ್ನೇ ಇದಕ್ಕೂ ಹಚ್ಚಿ. ಸ್ವರ ಬಂದಾಗ ಕೊನೆಯ 'ಕ್' ಮೃದುವಾಗಿ 'ಘ್' ಆಗುತ್ತದೆ: ಬೆನಿಮ್ ಗೆಲ್ದಿಘಿಮ್ (ನಾನು ಬಂದದ್ದು), ಸೆನಿನ್ ಗೆಲ್ದಿಘಿನ್, ಒನುನ್ ಗೆಲ್ದಿಘಿ, ಬಿಝಿಮ್ ಗೆಲ್ದಿಘಿಮಿಝ್, ಸಿಝಿನ್ ಗೆಲ್ದಿಘಿನಿಝ್, ಒನ್‌ಲರಿನ್ ಗೆಲ್ದಿಕ್ಲೆರಿ.

ಗಮನಿಸಿ, ಇಲ್ಲಿ ಕನ್ನಡಕ್ಕಿಂತ ಬೇರೆಯಾದ ಎರಡು ಸಂಗತಿಗಳಿವೆ. ನಾವು 'ಅಲಿ ಬಂದದ್ದು' ಅನ್ನುತ್ತೇವೆ, ಅವರು 'ಅಲಿಯ ಬಂದದ್ದು' ಅನ್ನುತ್ತಾರೆ. ಜೊತೆಗೆ ಯಾರು ಬಂದದ್ದು ಅನ್ನೋದನ್ನು ಕ್ರಿಯಾಪದದ ಬಾಲದಲ್ಲೂ ಹೇಳುತ್ತಾರೆ. ಮೊದಲನೆಯದು ನಮಗೆ ಪೂರ್ತಿ ಹೊಸದೇನಲ್ಲ. 'ಅವನ ಬರುವಿಕೆಯನ್ನು ಕಾಯುತ್ತಿದ್ದೆ' ಅಂತ ನಾವೂ ಬರೆಯುತ್ತೇವೆ, ಅದು ನಮಗೆ ಪುಸ್ತಕದ ಭಾಷೆ, ಅವರಿಗೆ ದಿನಬಳಕೆ.

'ದಿಕ್' ಅನ್ನೋದು ಒಂದೇ ರೂಪದಲ್ಲಿ ಇರಲ್ಲ. ಹಿಂದಿನ ಸ್ವರ ಯಾವುದೋ ಅದಕ್ಕೆ ತಕ್ಕಂತೆ ಇದರ ಸ್ವರ ಬದಲಾಗುತ್ತದೆ, ನಾಲ್ಕು ಬಗೆ. ಹಿಂದಿನ ವ್ಯಂಜನ ಪ, ತ, ಕ, ಚ, ಸ, ಶ, ಹ, ಫ ಆದರೆ 'ದ' ಹೋಗಿ 'ತ' ಬರುತ್ತದೆ, ಅಲ್ಲಿಗೆ ಒಟ್ಟು 8 ರೂಪ. ಒಕುದುಘು (ಅವನು ಓದಿದ್ದು), ಗ್ಯೊರ್ದ್ಯುಘ್ಯು (ನೋಡಿದ್ದು), ಅಲ್ದಿಘಿ (ತಗೊಂಡದ್ದು), ಗಿತ್ತಿಘಿ (ಹೋದದ್ದು). ಬಾಯಿಪಾಠ ಮಾಡೋಕೆ ಹೋಗಬೇಡಿ. ಟರ್ಕಿಶ್‌ನ ಹೆಚ್ಚಿನ ಪ್ರತ್ಯಯಗಳು ಹೀಗೇ ಬಣ್ಣ ಬದಲಿಸುತ್ತವೆ, ನಾಲಿಗೆಗೆ ತಾನಾಗಿ ರೂಢಿಯಾಗುತ್ತದೆ.

ಹೆಜ್ಜೆ 3: ಹೊರಗಿನ ಕ್ರಿಯಾಪದ ಏನು ಕೇಳುತ್ತದೋ ಆ ವಿಭಕ್ತಿ ಕೊಡಿ

ಇದು ಕನ್ನಡದವರಿಗೆ ಬೆಣ್ಣೆಯಷ್ಟು ಸುಲಭ. 'ಬಂದದ್ದನ್ನು ನೋಡಿದೆ', 'ಬಂದದ್ದಕ್ಕೆ ಖುಷಿಯಾಯಿತು', 'ಬಂದದ್ದರಿಂದ' ಅಂತ ನಾವು ಏನು ಮಾಡುತ್ತೇವೋ ಅವರೂ ಅದನ್ನೇ ಮಾಡುತ್ತಾರೆ.

ಅನ್ನು: ಅಲಿನಿನ್ ಗೆಲ್ದಿಘಿನಿ ಗ್ಯೊರ್ದ್ಯುಮ್. ಅಲಿ ಬಂದದ್ದನ್ನು ನೋಡಿದೆ.

ಗೆ ಅಥವಾ ಕ್ಕೆ: ಅಲಿನಿನ್ ಗೆಲ್ದಿಘಿನೆ ಸೆವಿನ್ದಿಮ್. ಅಲಿ ಬಂದದ್ದಕ್ಕೆ ಖುಷಿಪಟ್ಟೆ.

ಇಂದ: ಅಲಿನಿನ್ ಗೆಲ್ದಿಘಿನ್ದೆನ್ ಎಮಿನಿಮ್. ಅಲಿ ಬಂದದ್ದು ನನಗೆ ಖಾತ್ರಿ. ಇಲ್ಲಿ ಕನ್ನಡ ಹೊಂದಲ್ಲ, 'ಖಾತ್ರಿ' ಅನ್ನೋ ಪದಕ್ಕೆ ಅವರು 'ಇಂದ' ಹಚ್ಚುತ್ತಾರೆ.

ನಡುವೆ ಒಂದು 'ನ್' ನುಸುಳಿದೆ ನೋಡಿದಿರಾ? ಗೆಲ್ದಿಘಿ-ನ್-ಇ. 'ಅವನ' ಬಾಲದ ಮೇಲೆ ವಿಭಕ್ತಿ ಬಂದರೆ ಈ 'ನ್' ಯಾವಾಗಲೂ ಬರುತ್ತದೆ. ಇದರಿಂದ ಒಂದು ಗೊಂದಲ ಹುಟ್ಟುತ್ತದೆ. 'ನೀನು ಬಂದದ್ದನ್ನು' ಅನ್ನೋದೂ ಗೆಲ್ದಿಘಿನ್-ಇ, 'ಅವನು ಬಂದದ್ದನ್ನು' ಅನ್ನೋದೂ ಗೆಲ್ದಿಘಿ-ನಿ. ಕಿವಿಗೆ ಎರಡೂ ಒಂದೇ. ಬರೀ 'ಗೆಲ್ದಿಘಿನಿ ಬಿಲಿಯೊರುಮ್' ಅಂದರೆ ಯಾರು ಬಂದದ್ದು ಅಂತ ಸಂದರ್ಭ ನೋಡಿಯೇ ಹೇಳಬೇಕು, ಅಥವಾ ಮುಂದೆ ಸೆನಿನ್, ಒನುನ್ ಸೇರಿಸಬೇಕು.

ಇನ್ನೊಂದು ಎಡವಟ್ಟು 'ಗೊತ್ತು' ಪದದ್ದು. ನಾವು 'ನನಗೆ ಗೊತ್ತು' ಅನ್ನುತ್ತೇವೆ, ಬಂದದ್ದಕ್ಕೆ 'ಅನ್ನು' ಹಚ್ಚಲ್ಲ. ಅವರ ಬಿಲ್ಮೆಕ್ 'ನಾನು ತಿಳಿದಿದ್ದೇನೆ' ಎಂಬಂತೆ ನಡೆಯುತ್ತದೆ, ಆದ್ದರಿಂದ 'ಅನ್ನು' ಬೇಕೇ ಬೇಕು. ಯಾವ ಕ್ರಿಯಾಪದ ಯಾವ ವಿಭಕ್ತಿ ಕೇಳುತ್ತದೆ ಅಂತ ತಿಳಿಯೋಕೆ ತ್ಯುರ್ಕ್ ದಿಲ್ ಕುರುಮು, ಅಂದರೆ 1932ರಲ್ಲಿ ಶುರುವಾದ ಅಲ್ಲಿನ ಭಾಷಾ ಸಂಸ್ಥೆ, ತನ್ನ ಆನ್‌ಲೈನ್ ನಿಘಂಟಿನಲ್ಲಿ ಕ್ರಿಯಾಪದದ ಪಕ್ಕದಲ್ಲೇ ವಿಭಕ್ತಿಯ ಗುರುತು ಹಾಕಿರುತ್ತದೆ. ಹೊಸ ಕ್ರಿಯಾಪದ ಕಲಿಯುವಾಗ ಆ ಗುರುತಿನ ಸಮೇತ ಕಲಿಯಿರಿ, ಆಮೇಲೆ ತಿದ್ದಿಕೊಳ್ಳೋದು ಕಷ್ಟ.

ಉತ್ತರ ಕರ್ನಾಟಕದವರಿಗೆ ಇಲ್ಲೊಂದು ಬೋನಸ್. 'ನನಗ ಖಬರಿಲ್ಲ' ಅಂತೀರಲ್ಲ, ಟರ್ಕಿಶ್‌ನಲ್ಲಿ ಅದು 'ಹಬೆರಿಮ್ ಯೊಕ್'. ಅರಬ್ಬಿಯ ಅದೇ ಪದ ಎರಡೂ ಕಡೆ ಹೋಗಿದೆ. 'ಗೆಲ್ದಿಘಿನ್ದೆನ್ ಹಬೆರಿಮ್ ಯೊಕ್' ಅಂದರೆ ಬಂದದ್ದು ನನಗೆ ಖಬರಿಲ್ಲ.

ಹೆಜ್ಜೆ 4: ಒಂದು 'ಬರುವುದು', ಮೂರು ಟರ್ಕಿಶ್ ರೂಪ

ಕನ್ನಡದವರು ನಿಜವಾಗಿ ಎಡವುವ ಜಾಗ ಇದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಮ್ಮ 'ಬರುವುದು' ಬಲು ಉದಾರಿ. ಈ ಮೂರು ವಾಕ್ಯ ನೋಡಿ: 'ಅಲಿ ದಿನಾ ಬರುವುದು ಗೊತ್ತು', 'ಅಲಿ ನಾಳೆ ಬರುವುದು ಗೊತ್ತು', 'ಅಲಿ ಬರುವುದು ನನಗೆ ಇಷ್ಟ'. ಮೂರಕ್ಕೂ ಒಂದೇ ಪದ. ಟರ್ಕಿಶ್‌ನಲ್ಲಿ ಮೂರೂ ಬೇರೆ.

ಅಲಿನಿನ್ ಹೆರ್ ಗ್ಯುನ್ ಗೆಲ್ದಿಘಿನಿ ಬಿಲಿಯೊರುಮ್.

ಅಲಿನಿನ್ ಯಾರಿನ್ ಗೆಲೆಜೆಘಿನಿ ಬಿಲಿಯೊರುಮ್.

ಅಲಿನಿನ್ ಗೆಲ್ಮೆಸಿ ಹೊಶುಮಾ ಗಿದಿಯೊರ್.

ಮೊದಲನೆಯದರಲ್ಲಿ 'ದಿಕ್' ಬಂದಿದೆ. ಕೇಳೋಕೆ ಭೂತಕಾಲದ 'ಗೆಲ್ದಿ' ತರ ಇರೋದರಿಂದ ಇದು ಬರೀ ಭೂತಕಾಲ ಅಂದುಕೊಳ್ಳುತ್ತಾರೆ. ಹಾಗಲ್ಲ. ಆಗಿಹೋದದ್ದು, ಈಗ ಆಗುತ್ತಿರೋದು, ದಿನಾ ಆಗೋದು ಎಲ್ಲಕ್ಕೂ ಇದೇ. ಎರಡನೆಯದರಲ್ಲಿ 'ಎಜೆಕ್' ಇದೆ (ಸ್ವರಕ್ಕೆ ತಕ್ಕಂತೆ 'ಅಜಕ್' ಕೂಡ), ಇನ್ನೂ ಆಗಬೇಕಾದದ್ದಕ್ಕೆ ಮಾತ್ರ. ಮೂರನೆಯದರಲ್ಲಿ 'ಮೆ' ಬಂದಿದೆ ('ಮ' ಕೂಡ), ಇದಕ್ಕೆ ಕಾಲವೇ ಇಲ್ಲ. ಬರುವ ಕೆಲಸ ಅಷ್ಟೆ.

'ದಿಕ್/ಎಜೆಕ್' ಗುಂಪಾ, 'ಮೆ' ಗುಂಪಾ ಅಂತ ಹೇಗೆ ತೀರ್ಮಾನಿಸೋದು? ಒಳವಾಕ್ಯವನ್ನು ಹೊರಗೆಳೆದು ಕನ್ನಡದಲ್ಲೇ ಪರೀಕ್ಷೆ ಮಾಡಿ. ಅದರ ಮುಂದೆ 'ಇದು ನಿಜ' ಅಥವಾ 'ಇದು ಸುಳ್ಳು' ಅನ್ನೋಕಾದರೆ ಅದು ಸಂಗತಿ. ದಿಕ್ ಅಥವಾ ಎಜೆಕ್ ಹಾಕಿ. 'ಬರಲಿ', 'ಬರಬೇಕು', 'ಬರೋಕೆ' ಅಂತ ಬದಲಿಸಿದರೂ ಮಾತು ಕೂಡಿ ಬಂದರೆ ಅದು ಕೆಲಸ. ಮೆ ಹಾಕಿ. ತಿಳಿಯೋದು, ಕೇಳಿಸಿಕೊಳ್ಳೋದು, ಅರ್ಥವಾಗೋದು ಸಂಗತಿಯ ಕಡೆ. ಬಯಸೋದು, ಕಾಯೋದು, ಅನುಮತಿ ಕೊಡೋದು ಕೆಲಸದ ಕಡೆ.

ಒಂದೇ ಕ್ರಿಯಾಪದ ಎರಡೂ ಕಡೆ ಹೋದಾಗ ಮಜಾ ಬರುತ್ತದೆ. ಸ್ಯೊಯ್ಲೆಮೆಕ್ (ಹೇಳು) ತಗೊಳ್ಳಿ:

ಅಲಿ ಗೆಲ್ದಿಘಿಮಿ ಸ್ಯೊಯ್ಲೆದಿ. ನಾನು ಬಂದೆ ಅಂತ ಅಲಿ ಹೇಳಿದ.

ಅಲಿ ಗೆಲ್ಮೆಮಿ ಸ್ಯೊಯ್ಲೆದಿ. ನನಗೆ ಬರೋಕೆ ಹೇಳಿದ.

ಉನುತ್ಮಕ್ (ಮರೆ) ಕೂಡ ಹಾಗೇ. 'ಇಲಾಜಿ ಇಚ್ತಿಘಿಮಿ ಉನುತ್ತುಮ್' ಅಂದರೆ ಮಾತ್ರೆ ತಗೊಂಡದ್ದನ್ನೇ ಮರೆತೆ. 'ಇಲಾಜಿ ಇಚ್ಮೆಯಿ ಉನುತ್ತುಮ್' ಅಂದರೆ ತಗೊಳ್ಳೋದನ್ನು ಮರೆತೆ. ಮೊದಲನೆಯವರು ಇನ್ನೊಂದು ಮಾತ್ರೆ ನುಂಗುವ ಅಪಾಯ ಇದೆ, ಆದ್ದರಿಂದ ವ್ಯಾಕರಣ ಸರಿ ಇರಲಿ. (ಟರ್ಕಿಶ್‌ನಲ್ಲಿ ಔಷಧಿಯನ್ನು ಕುಡಿಯುತ್ತಾರೆ, ಗುಳಿಗೆಯಾದರೂ ಸರಿ.)

'ಮೆ' ರೂಪದ ಬಾಲಗಳು: ಗೆಲ್ಮೆಮ್, ಗೆಲ್ಮೆನ್, ಗೆಲ್ಮೆಸಿ, ಗೆಲ್ಮೆಮಿಝ್, ಗೆಲ್ಮೆನಿಝ್, ಗೆಲ್ಮೆಲೆರಿ. 'ಬೇಕು' ಅನ್ನೋಕೆ ಇದೇ ದಾರಿ: ಗಿತ್ಮೆಮ್ ಲಾಝಿಮ್, ನಾನು ಹೋಗಬೇಕು. ದಿನಕ್ಕೆ ನೂರು ಸಲ ಕೇಳಿಸುವ ಮಾತು ಇದು.

ಹೆಜ್ಜೆ 5: ಇಬ್ಬರೂ ಒಬ್ಬರೇ ಆದರೆ

ಬಯಸೋದೂ ನಾನೇ, ಬರೋದೂ ನಾನೇ ಆದರೆ ಇಷ್ಟೆಲ್ಲ ಬಾಲ ಬೇಡ. 'ಗೆಲ್ಮೆಕ್ ಇಸ್ತಿಯೊರುಮ್' ಸಾಕು, ಬರಬೇಕು ಅಂತಿದ್ದೇನೆ. ನೀನು ಬರಬೇಕು ಅಂತ ನನ್ನ ಆಸೆ ಆದರೆ 'ಸೆನಿನ್ ಗೆಲ್ಮೆನಿ ಇಸ್ತಿಯೊರುಮ್'. ಅಲಿ ಬರಲಿ ಅಂತ ಆದರೆ 'ಅಲಿನಿನ್ ಗೆಲ್ಮೆಸಿನಿ ಇಸ್ತಿಯೊರುಮ್'. ಇಸ್ತೆಮೆಕ್ (ಬಯಸು) ಬರೀ ಮೆಕ್ ರೂಪ, ಅಂದರೆ ನಿಘಂಟಿನಲ್ಲಿ ಕಾಣುವ ರೂಪ, ತಗೊಳ್ಳುತ್ತದೆ, ಆದರೆ ಸೆವ್ಮೆಕ್ (ಇಷ್ಟಪಡು) 'ಗೆಲ್ಮೆಯಿ' ಕೇಳುತ್ತದೆ, ಬಾಶ್ಲಮಕ್ (ಶುರು ಮಾಡು) 'ಗೆಲ್ಮೆಯೆ' ಕೇಳುತ್ತದೆ. ಮತ್ತೆ ನಿಘಂಟಿನ ಗುರುತು ನೋಡಿ.

ಹೆಜ್ಜೆ 6: ಇಲ್ಲ, ಅಲ್ಲ

ನಿಷೇಧಕ್ಕೂ 'ಮೆ', ಕೆಲಸದ ಹೆಸರಿಗೂ 'ಮೆ'. ಇದೇ ಟರ್ಕಿಶ್‌ನ ಕುಚೇಷ್ಟೆ. ಗೆಲ್ಮೆದಿಘಿನಿ ಅಂದರೆ ಬರದೇ ಇದ್ದದ್ದನ್ನು, ಇದು ಸುಲಭ. ಗೆಲ್ಮೆಮೆಸಿ ಅಂದರೆ ಅವನು ಬರದಿರುವುದು, ಮೊದಲ 'ಮೆ' ನಿಷೇಧ, ಎರಡನೆಯದು ಹೆಸರು. ಆದರೆ 'ಗೆಲ್ಮೆಮೆ' ಒಂದೇ ಕಂಡರೆ ನಿಂತು ನೋಡಬೇಕು. 'ಗೆಲ್ಮೆಮೆ ಇಝಿನ್ ವೆರ್ದಿ' ಅಂದರೆ ಗೆಲ್ಮೆ-ಮ್-ಎ, ನಾನು ಬರೋದಕ್ಕೆ ಅನುಮತಿ ಕೊಟ್ಟ. ಬೇರೆ ಕಡೆ ಅದೇ ಬರಹ 'ಬರದಿರುವುದು' ಆಗಬಹುದು. ಮಾತಿನಲ್ಲಿ ಒತ್ತು ಸಹಾಯ ಮಾಡುತ್ತದೆ. ನಿಷೇಧದ 'ಮೆ' ಇದ್ದರೆ ಒತ್ತು ಅದಕ್ಕಿಂತ ಮುಂಚೆ ಬೀಳುತ್ತದೆ: 'ಗೆಲ್' ಮೇಲೆ ಒತ್ತು ಕೊಟ್ಟು 'ಗೆಲ್ಮೆ' ಅಂದರೆ 'ಬರಬೇಡ', 'ಮೆ' ಮೇಲೆ ಒತ್ತು ಕೊಟ್ಟರೆ 'ಬರುವಿಕೆ'.

ಕ್ರಿಯಾಪದವೇ ಇಲ್ಲದ ವಾಕ್ಯ ಇದ್ದರೆ? 'ಅಲಿ ದೊಕ್ತೊರ್', ಅಲಿ ಡಾಕ್ಟರ್. ಒಳಗೆ ಸೇರಿಸುವಾಗ ನಾವು 'ಆಗಿರುವುದು' ತರುತ್ತೇವೆ, ಅವರು 'ಒಲ್' (ಆಗು) ತರುತ್ತಾರೆ: ಅಲಿನಿನ್ ದೊಕ್ತೊರ್ ಒಲ್ದುಘುನು ಬಿಲಿಯೊರುಮ್. ಇದೆ, ಇಲ್ಲ ಅನ್ನುವ 'ವಾರ್', 'ಯೊಕ್' ಕೂಡ ಒಳಗೆ ಹೋದಾಗ 'ಒಲ್' ಆಗುತ್ತವೆ. ಪರಮ್ ಯೊಕ್, ನನ್ನ ಹತ್ತಿರ ದುಡ್ಡಿಲ್ಲ. ಪರಮ್ ಒಲ್ಮದಿಘಿನಿ ಬಿಲಿಯೊರ್, ದುಡ್ಡಿಲ್ಲ ಅಂತ ಅವನಿಗೆ ಗೊತ್ತು.

ಹೆಜ್ಜೆ 7: ಪ್ರಶ್ನೆಯನ್ನು ಒಳಗೆ ಸೇರಿಸೋದು

'ಯಾವಾಗ', 'ಎಲ್ಲಿ' ಇದ್ದರೆ ಏನೂ ಮಾಡಬೇಕಿಲ್ಲ, ಆ ಪದ ಇದ್ದಲ್ಲೇ ಇರುತ್ತದೆ: ಅಲಿನಿನ್ ನೆ ಝಮಾನ್ ಗೆಲ್ದಿಘಿನಿ ಬಿಲ್ಮಿಯೊರುಮ್, ಅಲಿ ಯಾವಾಗ ಬಂದ ಅಂತ ಗೊತ್ತಿಲ್ಲ. 'ಬಂದನೋ ಇಲ್ಲವೋ' ಅನ್ನೋಕೆ ಕ್ರಿಯಾಪದವನ್ನು ಎರಡು ಸಲ ಹೇಳಿ, ಮೊದಲನೆಯದಕ್ಕೆ 'ಇಪ್', ಎರಡನೆಯದಕ್ಕೆ ನಿಷೇಧ: ಅಲಿನಿನ್ ಗೆಲಿಪ್ ಗೆಲ್ಮೆದಿಘಿನಿ ಬಿಲ್ಮಿಯೊರುಮ್. ಒಳಗೆ ಬಂದ ಮೇಲೆ ಪ್ರಶ್ನೆಯ 'ಮಿ' (ನಮ್ಮ 'ಬಂದನಾ'ದ 'ಆ' ತರದ್ದು) ಬಿದ್ದುಹೋಗುತ್ತದೆ.

ಹೆಜ್ಜೆ 8: ನಮ್ಮ 'ಅಂತ', ಅವರ 'ದಿಯೆ'

ಇದು ನನಗೆ ತುಂಬಾ ಇಷ್ಟವಾದ ಭಾಗ. 'ಅಂತ', 'ಎಂದು' ಬಂದದ್ದು 'ಅನ್ನು' ಕ್ರಿಯಾಪದದಿಂದ. ಟರ್ಕಿಶ್‌ನ 'ದಿಯೆ' ಬಂದದ್ದೂ 'ದೆಮೆಕ್', ಅಂದರೆ 'ಅನ್ನು' ಎಂಬ ಕ್ರಿಯಾಪದದಿಂದಲೇ. ಬಳಕೆಯೂ ಅಚ್ಚರಿಯಾಗುವಷ್ಟು ಹೊಂದುತ್ತದೆ.

ಅಲಿ ಗೆಲ್ದಿ ಮಿ ದಿಯೆ ಸೊರ್ದು. ಅಲಿ ಬಂದನಾ ಅಂತ ಕೇಳಿದ.

ಯಘ್ಮುರ್ ಯಘಾರ್ ದಿಯೆ ಶೆಮ್ಸಿಯೆ ಅಲ್ದಿಮ್. ಮಳೆ ಬರುತ್ತೆ ಅಂತ ಕೊಡೆ ತಗೊಂಡೆ.

ಅಲಿ ದಿಯೆ ಬಿರಿ ಗೆಲ್ದಿ. ಅಲಿ ಅಂತ ಒಬ್ಬ ಬಂದಿದ್ದ.

ಇಲ್ಲಿ ಒಳಗಿನ ಮಾತು ಇದ್ದ ಹಾಗೇ ಇರುತ್ತದೆ, ಬಾಲ ಇಲ್ಲ, 'ಅಲಿಯ' ಅನ್ನೋದೂ ಇಲ್ಲ. ಅಷ್ಟು ಸುಲಭ ಅಂತ ಎಲ್ಲಾ ಕಡೆ ದಿಯೆ ಹಾಕೋಕೆ ಹೋಗಬೇಡಿ. ಕನ್ನಡದಲ್ಲಿ 'ಬಂದ ಅಂತ ಗೊತ್ತು' ಸರಿ, ಆದರೆ 'ಗೆಲ್ದಿ ದಿಯೆ ಬಿಲಿಯೊರುಮ್' ಅಂದರೆ 'ನನಗೆ ತಿಳಿದ ಮಟ್ಟಿಗೆ ಬಂದಿದ್ದಾನೆ, ತಪ್ಪೂ ಇರಬಹುದು' ಎಂಬ ಛಾಯೆ ಬರುತ್ತದೆ. ಖಚಿತವಾಗಿ ಗೊತ್ತಿದ್ದರೆ ಗೆಲ್ದಿಘಿನಿ ಅನ್ನಿ. ದೆಮೆಕ್ ಜೊತೆಗೆ ದಿಯೆ ಬೇಡವೇ ಬೇಡ: 'ಗೆಲಿಯೊರುಮ್' ದೆದಿ, 'ಬರ್ತೀನಿ' ಅಂದ. ನಾವೂ 'ಬರ್ತೀನಿ ಅಂತ ಅಂದ' ಅನ್ನೋದು ಕಮ್ಮಿ ಅಲ್ವಾ.

ಪಾರಸಿಯಿಂದ ಬಂದ 'ಕಿ' ಅಂತ ಇನ್ನೊಂದಿದೆ: ಬಿಲಿಯೊರುಮ್ ಕಿ ಗೆಲೆಜೆಕ್. ಇಂಗ್ಲಿಷ್ ದಾರಿಯಲ್ಲಿ ಬಂದವರು ಇದನ್ನು ಕಂಡ ಕೂಡಲೇ ಅಪ್ಪಿಕೊಳ್ಳುತ್ತಾರೆ. ಅತಿಯಾಗಿ ಬಳಸಿದರೆ ಮಾತು ಕೃತಕವಾಗುತ್ತದೆ. 'ಇಯಿ ಕಿ ದೊಘ್ದುನ್' (ನೀನು ಹುಟ್ಟಿದ್ದು ಒಳ್ಳೆಯದಾಯ್ತು, ಹುಟ್ಟುಹಬ್ಬದ ಶುಭಾಶಯ) ತರದ ಕಟ್ಟುಮಾತುಗಳಲ್ಲಿ ಗುರುತಿಸೋಕೆ ಬಂದರೆ ಸದ್ಯಕ್ಕೆ ಸಾಕು.

ನೆನಪಿಟ್ಟುಕೊಳ್ಳೋಕೆ ಒಂದು ಉಪಾಯ

ಈ ಪ್ರತ್ಯಯಗಳು ವ್ಯಾಕರಣದಲ್ಲಷ್ಟೇ ಇಲ್ಲ, ಬೀದಿಯಲ್ಲೂ ಇವೆ. ದೊಂದುರ್ಮಾ ಅಂದರೆ ಐಸ್‌ಕ್ರೀಮ್, 'ಹೆಪ್ಪುಗಟ್ಟಿಸು' ಧಾತುವಿಗೆ 'ಮಾ' ಸೇರಿದ್ದು. ತುಂಬಿಸಿ ಮಾಡುವ ದೊಲ್ಮಾ ಕೂಡ ಹಾಗೇ. ಯೆಮೆಕ್ ಅಂದರೆ ತಿನ್ನುವುದು, ಊಟವೂ ಅದೇ. ಗೆಲೆಜೆಕ್ ಅಂದರೆ ಭವಿಷ್ಯ, ಬರಲಿರುವುದು. ತನಿದಿಕ್ ಅಂದರೆ ಪರಿಚಯದವರು. 'ಇಶ್' ಎಂಬ ನಾಲ್ಕನೆಯ ಪ್ರತ್ಯಯವೂ ಇದೆ. ಗೆಲಿಶ್ ಅಂದರೆ ಬಂದ ರೀತಿ, ಬರವು. ಬಾಗಿಲುಗಳ ಮೇಲೆ ಕಾಣುವ 'ಗಿರಿಶ್' (ಒಳಗೆ), 'ಚಿಕಿಶ್' (ಹೊರಗೆ) ಅದರವೇ.

ಷಷ್ಠಿ ಬಿಡುವ ಜಾಗಗಳು

ಎರಡು ಕಡೆ 'ಅಲಿಯ' ಅನ್ನೋ ಷಷ್ಠಿ ರೂಪ ಹೋಗಿ ಬರೀ 'ಅಲಿ' ಉಳಿಯುತ್ತದೆ. 'ಆದ್ದರಿಂದ', 'ಆಗ' ಅನ್ನುವ ಅರ್ಥದಲ್ಲಿ ಇಚಿನ್, ಝಮಾನ್ ಬಂದಾಗ: ಅಲಿ ಗೆಲ್ದಿಘಿ ಇಚಿನ್, ಅಲಿ ಬಂದದ್ದರಿಂದ. ಅಲಿ ಗೆಲ್ದಿಘಿ ಝಮಾನ್, ಅಲಿ ಬಂದಾಗ. ಇನ್ನೊಂದು, ನಿರ್ದಿಷ್ಟವಲ್ಲದ ಕರ್ತೃ ಇದ್ದಾಗ: 'ಯಘ್ಮುರ್ ಯಘ್ದಿಘಿನಿ', ಮಳೆ ಬಂದದ್ದನ್ನು.

ಉದ್ದ ವಾಕ್ಯ ಬಿಡಿಸೋದು

ಅಯ್ಶೆನಿನ್ ಅಲಿನಿನ್ ದ್ಯುನ್ ಗೆಲ್ದಿಘಿನಿ ಬಿಲ್ಮೆದಿಘಿನಿ ಸನಿಯೊರ್ದುಮ್.

ಕೊನೆಯಿಂದ ಶುರು ಮಾಡಿ. ಸನಿಯೊರ್ದುಮ್, ಅಂದುಕೊಂಡಿದ್ದೆ. ಏನನ್ನು? ಅದಕ್ಕೆ ತಾಗಿಕೊಂಡಿರೋ ಬಿಲ್ಮೆದಿಘಿನಿ, ಗೊತ್ತಿಲ್ಲದ್ದನ್ನು. ಏನು ಗೊತ್ತಿಲ್ಲದ್ದು? ಗೆಲ್ದಿಘಿನಿ, ಬಂದದ್ದನ್ನು. ಈಗ ಷಷ್ಠಿಗಳನ್ನು ಜೋಡಿಸಿ, ಒಳಗಿನ ಷಷ್ಠಿ ಒಳಗಿನ ಕ್ರಿಯಾಪದಕ್ಕೆ, ಹೊರಗಿನದು ಹೊರಗಿನದಕ್ಕೆ. ಬಂದದ್ದು ಅಲಿ, ಗೊತ್ತಿಲ್ಲದ್ದು ಅಯ್ಶೆಗೆ. 'ಅಲಿ ನಿನ್ನೆ ಬಂದದ್ದು ಅಯ್ಶೆಗೆ ಗೊತ್ತಿಲ್ಲ ಅಂದುಕೊಂಡಿದ್ದೆ.' ಪತ್ರಿಕೆಯ ವಾಕ್ಯಗಳು ಇದಕ್ಕಿಂತ ಉದ್ದ ಇರುತ್ತವೆ, ಬಿಡಿಸುವ ಕ್ರಮ ಮಾತ್ರ ಇದೇ.

ನೀವೇ ಮಾಡಿ ನೋಡಿ

ಉತ್ತರ ಓದುವ ಮುಂಚೆ ಕೈಯಿಂದ ಮುಚ್ಚಿಕೊಂಡು ಬರೆಯಿರಿ.

'ನನ್ನ ಅಮ್ಮ ಹಳ್ಳಿಯಿಂದ ಬಂದದ್ದು ಗೊತ್ತು.' ಅನ್ನೆಮಿನ್ ಕ್ಯೊಯ್ದೆನ್ ಗೆಲ್ದಿಘಿನಿ ಬಿಲಿಯೊರುಮ್.

'ನೀವು ನಾಳೆ ಬರಲ್ಲ ಅಂತ ಕೇಳಿಪಟ್ಟೆ.' ಯಾರಿನ್ ಗೆಲ್ಮೆಯೆಜೆಘಿನಿಝಿ ದುಯ್ದುಮ್. ಮುಂದಿನ ಮಾತು, ಸಂಗತಿ, ಅದಕ್ಕೇ ಎಜೆಕ್.

'ಮಕ್ಕಳು ಚಹಾ ಕುಡಿಯೋದು ನನಗೆ ಬೇಡ.' ಚೊಜುಕ್ಲರಿನ್ ಚಾಯ್ ಇಚ್ಮೆಸಿನಿ ಇಸ್ತೆಮಿಯೊರುಮ್. ಇಲ್ಲಿ ಗೆಲ್ದಿಘಿನಿ ತರದ ರೂಪ ಬರೆದಿದ್ದರೆ ಹೆಜ್ಜೆ 4 ಇನ್ನೊಮ್ಮೆ ಓದಿ.

'ಅಂಗಡಿ ತೆರೆದಿದೆಯೋ ಇಲ್ಲವೋ ಗೊತ್ತಿಲ್ಲ.' ದ್ಯುಕ್ಕಾನಿನ್ ಅಚಿಕ್ ಒಲುಪ್ ಒಲ್ಮದಿಘಿನಿ ಬಿಲ್ಮಿಯೊರುಮ್. ದ್ಯುಕ್ಕಾನ್ ನಮ್ಮ ದುಕಾನೇ.

'ನೀನು ಬಂದದ್ದಕ್ಕೆ ಖುಷಿಯಾಯಿತು.' ಗೆಲ್ದಿಘಿನೆ ಸೆವಿನ್ದಿಮ್. ಇಲ್ಲಿ 'ಗೆಲ್ಮೆನೆ ಸೆವಿನ್ದಿಮ್' ಅಂತ ಬರೆದವರಿಗೂ ಪೂರ್ತಿ ಅಂಕ. ಖುಷಿ, ಬೇಸರದ ಕ್ರಿಯಾಪದಗಳು ಎರಡೂ ಗುಂಪನ್ನು ಒಪ್ಪುತ್ತವೆ.